ದೊಡ್ಡಮ್ಮನ ಇಂಚು

ನನ್ನ ದೊಡ್ಡಮ್ಮ ತನ್ನ ನೆರಳನ್ನೂ ನಂಬದವಳು. ಹೊಲಿಗೆ ಮಿಷನ್ನಿನ ಮುಂದೆ ಕೂತು ಮೂವತ್ತು ವರ್ಷವಾಯಿತು. ಇವತ್ತಿಗೂ ದಾರದ ಉಂಡೆ ಕೊಂಡರೆ ಅಂಗಡಿಯವನ ಎದುರೇ ಒಂದು ಮೊಳ ಎಳೆದು ಜಗ್ಗಿ ನೋಡುತ್ತಾಳೆ. ಯಾರಾದರೂ ಬಟ್ಟೆ ತಂದು "ಮೂರು ಮೀಟರ್ ಇದೆ ಅಕ್ಕಾ" ಎಂದರೆ, "ಇದ್ರೆ ಎಲ್ಲಿ ಹೋಗುತ್ತೆ ಬಿಡಿ" ಎನ್ನುತ್ತಲೇ ಮೇಜಿನ ಮೇಲೆ ಹರಡಿ ಅಳೆಯುತ್ತಾಳೆ. ನಾನು ಅವಳ ತಂಗಿಯ ಮಗಳು, ಅದೇ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಗುಂಡಿಗೆ ಕಾಜ ಹೊಲಿಯುತ್ತಿದ್ದೇನೆ. ಸಂಜೆ ನಾನು ಮನೆಗೆ ಹೊರಟರೆ ಈಗಲೂ ಕತ್ತರಿ ಇಡುವ ಗೂಡಿನ ಕಡೆ ಅವಳ ಕಣ್ಣು ಒಮ್ಮೆ ಹೋಗಿಬರುತ್ತದೆ. ಸಿಟ್ಟು ಬರಲ್ವಾ ಅಂತ ಕೇಳಬೇಡಿ, ಬರುತ್ತೆ.

ಅವಳು ನಂಬುತ್ತಿದ್ದದ್ದು ಎರಡನ್ನೇ: ಒಂದು ದೇವರು, ಇನ್ನೊಂದು ಗೂಟಕ್ಕೆ ನೇತುಹಾಕಿದ್ದ ಅವಳ ಬಟ್ಟೆಯ ಟೇಪು. "ಇಂಚು ಅನ್ನೋದು ರಾಜನಿಗೂ ಅಷ್ಟೇ, ತಿರುಕನಿಗೂ ಅಷ್ಟೇ. ದೇವರ ಮಾತೂ ಹಾಗೇ" ಎನ್ನುತ್ತಿದ್ದಳು. ಈ ವರ್ಷದ ಆರಂಭದಲ್ಲಿ ನಾನು ಅವಳ ಏಪ್ರನ್ನಿನ ಜೇಬು ನೋಡದೆ ಅದನ್ನು ಕುದಿನೀರಿಗೆ ಹಾಕಿಬಿಟ್ಟೆ. ಜೇಬಿನಲ್ಲಿದ್ದ ಟೇಪು ಸುಕ್ಕಾಗಿ ಹೊರಬಂತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಸ್ತ್ರಿ ಮಾಡಿ ಸದ್ದಿಲ್ಲದೆ ಗೂಟಕ್ಕೆ ಹಾಕಿದೆ. ಆಮೇಲೆ ಎಷ್ಟೋ ಬಟ್ಟೆ ಹೊಲಿದೆವು, ಎಲ್ಲವೂ ಮೈಗೆ ಸರಿಯಾಗಿ ಕೂತವು. ನಾನೂ ಮರೆತೆ.

ಅವಳಿಗೆ ಒಬ್ಬನೇ ಮಗ, ಬೀಗ ರಿಪೇರಿ ಮಾಡುವವನು. ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನ ಸ್ಕೂಲ್ ಟೀಚರ್ ಒಬ್ಬಳನ್ನು ಮೆಚ್ಚಿ ಮನೆಗೆ ಕರೆತಂದ. ದೊಡ್ಡಮ್ಮ ಟೀ ಕೊಟ್ಟು, ಹುಡುಗಿ ಕಪ್ಪು ಕೆಳಗಿಡುವ ಮೊದಲೇ ಶುರು ಮಾಡಿದಳು.

"ಬೇರೆ ದೇವರನ್ನ ನಂಬೋ ಮಕ್ಕಳೂ ನಿನ್ನ ಕ್ಲಾಸಲ್ಲಿ ಇರ್ತಾರಲ್ಲ, ಅವರಿಗೆ ಏನು ಹೇಳ್ಕೊಡ್ತೀಯಮ್ಮಾ?"

"ಅವರ ಮನೇದು ಅವರಿಗೆ ಸತ್ಯ ಅತ್ತೆ, ನಮ್ಮ ಮನೇದು ನಮಗೆ ಸತ್ಯ. ಇನ್ನೊಬ್ಬರದ್ದು ಸುಳ್ಳು ಅನ್ನೋಕೆ ನಾನ್ಯಾರು?"

"ಹಾಗಾದ್ರೆ ಯೇಸುಸ್ವಾಮಿ ಶಿಲುಬೆ ಮೇಲೆ ಸತ್ತು ಎದ್ದು ಬಂದಿದ್ದು ಕೆಲವರಿಗೆ ಮಾತ್ರ ನಡೆದದ್ದಾ?"

ಹುಡುಗಿ ಕಪ್ಪು ಕೆಳಗಿಟ್ಟಳು. "ಅದಕ್ಕೆ ಏನು ಹೇಳ್ಬೇಕೋ ನನಗೂ ಗೊತ್ತಾಗಲ್ಲ ಅತ್ತೆ."

ಅವರು ಹೊರಟ ಮೇಲೆ ದೊಡ್ಡಮ್ಮ ಕಪ್ಪು ತೊಳೆಯುತ್ತಾ ಹೇಳಿದಳು: "ಅಡ್ಡಗೋಡೆ ಮೇಲೆ ದೀಪ ಇಡೋಳು ಕಣೇ ಇವಳು. ಸತ್ಯ ಒಬ್ಬೊಬ್ಬರಿಗೆ ಒಂದೊಂದು ಅಂದೋಳಿಗೆ ಸುಳ್ಳು ಹೇಳೋದು ಕಷ್ಟವಾ?"

ಮಗ ಹಟ ಬಿಡಲಿಲ್ಲ, ಮದುವೆ ಗೊತ್ತಾಯಿತು. ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಇಬ್ಬರ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುತ್ತಾರೆ. ಮೊದಲನೇ ಭಾನುವಾರ ಓದಿದರು. ಹುಡುಗಿ ತನ್ನ ಊರಿನಲ್ಲೇ ಅಳತೆ ತೆಗೆಸಿ ಬರೆದು ಕಳಿಸಿದ್ದಳು, ದೊಡ್ಡಮ್ಮ ಅದೇ ಪ್ರಕಾರ ಬಿಳಿ ಗೌನು ಹೊಲಿದು ಬಸ್ಸಿನಲ್ಲಿ ಕಳಿಸಿದಳು. ಶುಕ್ರವಾರ ಗೌನು ವಾಪಸು ಬಂತು. ಜೊತೆಗೊಂದು ಚೀಟಿ: "ಅತ್ತೆ, ಬಿಗಿ ಆಗ್ತಿದೆ. ಸೊಂಟದ ಹತ್ತಿರ ಹುಕ್ಕು ಕೂರ್ತಾ ಇಲ್ಲ."

ಅಯ್ಯೋ, ಅಷ್ಟು ಸಾಕಾಯಿತು! ದೊಡ್ಡಮ್ಮ ಚೀಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ತಿಂಗಳ ಹಿಂದೆ ಕೊಟ್ಟ ಅಳತೆ. ಒಂದೇ ತಿಂಗಳಲ್ಲಿ ಸೊಂಟ ಎರಡು ಬೆರಳು ದಪ್ಪ ಆಗುತ್ತಂತೆ. ಯಾಕೆ ಆಗುತ್ತೆ ಹೇಳು?"

"ದೊಡ್ಡಮ್ಮಾ, ಸುಮ್ಮನಿರು."

"ಬೆಂಕಿ ಇಲ್ಲದೆ ಹೊಗೆ ಆಡುತ್ತೇನೇ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ. ದೊಡ್ಡಮ್ಮ ಮಗನಿಗೂ ಹೇಳದೆ ಶನಿವಾರ ಪಾದ್ರಿಗಳ ಮನೆಗೆ ಹೋಗಿ, ಹುಡುಗಿ ಬಸುರಿ ಇರಬಹುದು, ನನ್ನ ಮಗನಿಂದಲ್ಲ, ಎರಡನೇ ಸಲ ಹೆಸರು ಓದಬೇಡಿ ಎಂದು ಹೇಳಿಬಂದಳು. ಭಾನುವಾರ ಹೆಸರು ಓದಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಪಿಸುಪಿಸು ಶುರುವಾಯಿತು. ಮಗ ತಾಯಿಯ ಮುಖವನ್ನೂ ನೋಡದೆ ಸರಸರನೆ ನಡೆದುಹೋದ.

ಸುದ್ದಿ ಕಿವಿಗೆ ಬಿದ್ದು, ಸೋಮವಾರ ಬೆಳಿಗ್ಗೆ ಹುಡುಗಿ ಅಂಗಡಿಗೇ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಗೌನು ಕೇಳಿ, ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದು ನಿಂತಳು. ಸೊಂಟದ ಹುಕ್ಕು ಬಾಯಿ ತೆರೆದುಕೊಂಡಿತ್ತು.

"ನೋಡು, ಇನ್ನೂ ಏನು ಹೇಳ್ತೀಯ?" ಎಂದಳು ದೊಡ್ಡಮ್ಮ.

ಹುಡುಗಿ ಎರಡೂ ಕೈ ಮುಂದೆ ಚಾಚಿದಳು. ಗೌನಿನ ತೋಳು ಮಣಿಕಟ್ಟಿಗಿಂತ ಒಂದು ಇಂಚು ಮೇಲಿತ್ತು. "ತೋಳೂ ಗಿಡ್ಡ ಆಗಿದೆ ಅತ್ತೆ. ಬಸುರಿ ಆದ್ರೆ ಕೈನೂ ಉದ್ದ ಆಗುತ್ತಾ?"

 ನನಗೆ ಆ ಕುದಿನೀರು ನೆನಪಾಯಿತು. ಗೆರೆ ಎಳೆಯಲು ಇಟ್ಟಿದ್ದ ಕಬ್ಬಿಣದ ಸ್ಕೇಲನ್ನು ತಂದು ಟೇಪಿನ ಪಕ್ಕದಲ್ಲಿಟ್ಟೆ. ಸ್ಕೇಲಿನಲ್ಲಿ ಇಪ್ಪತ್ನಾಲ್ಕಾದರೆ ಟೇಪಿನಲ್ಲಿ ಇಪ್ಪತ್ತೈದು ದಾಟಿತ್ತು. ನಮ್ಮಲ್ಲಿ ಅಳೆಯುವುದೂ ಆ ಟೇಪಿನಲ್ಲೇ, ಕತ್ತರಿಸುವುದೂ ಅದರಲ್ಲೇ. ಹಾಗಾಗಿ ಇಷ್ಟು ದಿನ ಎಲ್ಲರಿಗೂ ಸರಿಹೋಗುತ್ತಿತ್ತು. ಬೇರೆ ಟೇಪಿನ ಅಳತೆ ಬಂದದ್ದು ಇದೊಂದೇ.

"ಕುದಿಸಿದ್ದು ನಾನು ದೊಡ್ಡಮ್ಮಾ. ಆವತ್ತೇ ಹೇಳ್ಬೇಕಿತ್ತು. ತಪ್ಪು ನಂದು."

ದೊಡ್ಡಮ್ಮ ಟೇಪನ್ನು ತಾನೇ ಸ್ಕೇಲಿನ ಮೇಲೆ ಎಳೆದು ಹಿಡಿದು ಮತ್ತೊಮ್ಮೆ ನೋಡಿದಳು. "ಟೇಪು ಕುದಿಸಿದ್ದು ನೀನು. ಹುಡುಗಿ ಹೆಸರು ಕೆಡಿಸಿದ್ದು ನಾನು. ಅದನ್ನ ನಿನ್ನ ತಲೆಗೆ ಕಟ್ಟಲ್ಲ."

ಹುಡುಗಿಗೆ ಮರುಕ ಬಂತೋ ಏನೋ. "ಇರ್ಲಿ ಬಿಡಿ ಅತ್ತೆ. ನಿಮ್ಮ ಟೇಪಿನ ಪ್ರಕಾರ ನೀವು ಯೋಚಿಸಿದ್ದು ಸರೀನೇ ಅಲ್ವಾ."

"ಹಾಗನ್ನಬೇಡ!" ದೊಡ್ಡಮ್ಮ ಮೇಜು ಗುದ್ದಿದಳು. "ನನ್ನ ಪ್ರಕಾರ ಸರಿ, ನಿನ್ನ ಪ್ರಕಾರ ತಪ್ಪು ಅಂತ ಏನಿಲ್ಲ. ತಪ್ಪು ಅಂದ್ರೆ ತಪ್ಪೇ. ಇಂಚು ಎಲ್ಲಾ ಕಡೆ ಒಂದೇ ಅಂತ ಊರಿಗೆಲ್ಲ ಹೇಳ್ತಿದ್ದೋಳು ನಾನು. ಅದು ನನ್ನ ಕೈಯಲ್ಲೇ ಇದೆ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ದೊಡ್ಡಮ್ಮ ಮತ್ತೆ ಪಾದ್ರಿಗಳ ಮನೆಗೆ ಹೋಗಿಬಂದಳು. ಆ ಭಾನುವಾರ, ಹುಡುಗಿಯೂ ನಮ್ಮ ಚರ್ಚಿಗೆ ಬಂದಿದ್ದಾಗ, ಪಾದ್ರಿಗಳು ಎರಡನೇ ಸಲ ಹೆಸರು ಓದಿದರು. "ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ?"

ದೊಡ್ಡಮ್ಮ ಎದ್ದು ನಿಂತಳು. ಮಗನ ಮುಖ ಬಿಳಿಚಿಕೊಂಡಿತು.

"ನಂದಿದೆ ಫಾದರ್. ಹುಡುಗಿ ಮೇಲಲ್ಲ, ನನ್ನ ಮೇಲೆ. ಹೋದ ವಾರ ಇವರ ಹೆಸರು ನಿಲ್ಲಿಸಿದ್ದು ನಾನು. ನಾನು ಹೇಳಿದ್ದು ಸುಳ್ಳು. ನನ್ನಂಥ ಅತ್ತೆ ಬೇಡ ಅಂತ ಇವಳು ಹೇಳಿದ್ರೆ ಆ ಆಕ್ಷೇಪಣೆ ಬರ್ಕೊಳ್ಳಿ."

ಎಲ್ಲರ ತಲೆಯೂ ಹುಡುಗಿಯ ಕಡೆ ತಿರುಗಿತು. ಅವಳು ಎದ್ದಳು. "ನಂದೇನಿಲ್ಲ ಫಾದರ್. ಗೌನು ಮಾತ್ರ ಹೊಸದಾಗಿ ಹೊಲೀಬೇಕು. ಅಳತೆ ನನ್ನ ಟೇಪಲ್ಲಿ."

ಮರುದಿನ ಹುಡುಗಿ ತನ್ನ ಟೇಪು ತಂದಳು. ಬುದ್ಧಿ ಎಲ್ಲಿ ಬಿಡುತ್ತೆ? ದೊಡ್ಡಮ್ಮ ಅದನ್ನು ಸ್ಕೇಲಿನ ಪಕ್ಕದಲ್ಲಿಟ್ಟು, ಕನ್ನಡಕ ಏರಿಸಿ, ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದಳು. ಆಮೇಲೆ "ಸರಿಯಿದೆ" ಎಂದಳು. ಹನ್ನೆರಡು ವರ್ಷದಲ್ಲಿ ಇನ್ನೊಬ್ಬರ ವಸ್ತುವಿಗೆ ಅವಳ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.