ಬಹುವಚನಕ್ಕೆ ಖರ್ಚಿಲ್ಲ

ದೇವಕಮ್ಮ ಜಗಳವಾಡುವ ಹೆಂಗಸಾಗಿದ್ದರೆ ನಾನೇ ಗೆಲ್ಲುತ್ತಿದ್ದೆ. ಹನ್ನೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿದವಳಿಗೆ ಜಗಳವಾದರೂ ಬರುತ್ತದೆ. ಅವರು ಜಗಳವಾಡಲಿಲ್ಲ. ನನ್ನ ಬಾಯಿಂದ ಬಂದ ಮಾತನ್ನೇ ಹಿಡಿದು ಅದರಂತೆ ನಡೆದರು, ಅಷ್ಟೆ.

ಅವರು ನಮ್ಮ ಮನೆಗೆ ಬಂದದ್ದು 2006ರ ಜುಲೈನಲ್ಲಿ. ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ಮೂವರಿದ್ದೆವು: ನಾನು, ಊರಿನ ಇನ್ನೊಂದು ತುದಿಯ ರೋಹಿಣಿಯಲ್ಲಿದ್ದ ಬ್ಯಾಂಕಿಗೆ ಹೋಗಿ ಬರುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತಿದ್ದ ನನ್ನ ಗಂಡ ಯೋಗೀಶ, ಎರಡು ವರ್ಷದ ಮಗಳು ಚಿನ್ಮಯಿ. ಮಗುವನ್ನು ಬಿಡುತ್ತಿದ್ದ ಕ್ರೆಷ್ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತಿತ್ತು. ಒಂದರಿಂದ ಆರರವರೆಗೆ ಯಾರಾದರೂ ಬೇಕಿತ್ತು. ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು ಕೋಸಂಬರಿ ಬಡಿಸುತ್ತಾ, ಅಳುತ್ತಿದ್ದ ನನ್ನ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, "ಯಾಕ್ ಕೂಸೆ, ಯಾರು ಬೈದೋರು ನಿನ್ನ?" ಎಂದರು. ಮಗು ಸುಮ್ಮನಾಯಿತು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ದೆಹಲಿಯಲ್ಲಿ ನನ್ನ ಮಗಳನ್ನು ಯಾರೂ ಅದುವರೆಗೆ ಕೂಸೆ ಎಂದಿರಲಿಲ್ಲ.

ಅವರೇ ದೇವಕಮ್ಮ, ನಂಜನಗೂಡಿನ ಕಡೆಯವರು. ಗಂಡ ಮಲ್ಲಿಕಾರ್ಜುನ ಕರೋಲ್ ಬಾಗಿನ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು, ಮನೆ ಸೇರುವಾಗ ಹನ್ನೊಂದಾಗುತ್ತಿತ್ತು. ಮಗಳು ಹರಿಣಿ ಹೈಸ್ಕೂಲು. ಕೋಟ್ಲಾದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ನಮ್ಮಿಂದ ನಡೆದು ಹೋಗುವಷ್ಟು ದೂರ.

ಸಂಬಳ ಗೊತ್ತು ಮಾಡುವಾಗ ನಾನು ಬ್ಲಾಕಿನ ಹೆಂಗಸರನ್ನು ಕೇಳಿದೆ. ಅಲ್ಲಿ ಪಾತ್ರೆಗೆ ಇಷ್ಟು, ನೆಲಕ್ಕೆ ಇಷ್ಟು, ಬಟ್ಟೆಗೆ ಇಷ್ಟು ಎಂದು ಎಲ್ಲದಕ್ಕೂ ರೇಟು ಇತ್ತು. ಎದುರು ಮನೆಯವರು ತಮ್ಮ ಆಯಾಗೆ ಸಾವಿರದೈನೂರು ಕೊಡುತ್ತಿದ್ದರು. ನಾನೂ ಅಷ್ಟೇ ಹೇಳಿದೆ. ಮಗುವಿಗೆ ಊಟ ಮಾಡಿಸುವುದು, ಮಲಗಿಸುವುದು, ಎದ್ದ ಮೇಲೆ ಪಾರ್ಕಿಗೆ ಕರೆದುಕೊಂಡು ಹೋಗುವುದು. ದೇವಕಮ್ಮ ಒಪ್ಪಿದರು. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ನಾನು ಅವರಿಗೆ ಬಹುವಚನ ಕೊಟ್ಟೆ. ಅವರು ನನ್ನನ್ನು ಅಕ್ಕ ಎಂದರು.

ಆಮೇಲೆ ಶುರುವಾದದ್ದು 'ಸ್ವಲ್ಪ'ದ ಕಾಟ. "ದೇವಕಮ್ಮ, ಹಾಗೇ ಸ್ವಲ್ಪ ಅಕ್ಕಿ ನೆನೆಸಿಡ್ತೀರಾ?" "ಒಣಗಿದ ಬಟ್ಟೆ ಸ್ವಲ್ಪ ಮಡಿಸಿಡಿ." "ಗ್ಯಾಸಿನ ಭಯ್ಯಾ ಬರ್ತಾನೆ, ಸ್ವಲ್ಪ ಸಿಲಿಂಡರ್ ತಗೊಳ್ಳಿ." ನನ್ನ ಕಚೇರಿ ಐದೂವರೆಗೆ ಬಿಡುತ್ತದೆ, ಬಸ್ಸು ಸಿಕ್ಕರೆ ಆರಕ್ಕೆ ಮನೆ. ಬಸ್ಸು ಸಿಗುತ್ತಿರಲಿಲ್ಲ. "ಸ್ವಲ್ಪ ಲೇಟಾಯ್ತು" ಎಂದು ಏಳಕ್ಕೆ ಬರುತ್ತಿದ್ದೆ. ಬೆರಳು ಕೊಟ್ಟರೆ ಹಸ್ತ ನುಂಗುವವರ ಬಗ್ಗೆ ನಾನು ಬೇಕಾದಷ್ಟು ಮಾತಾಡಿದ್ದೇನೆ. ಆ ಎರಡು ವರ್ಷ ನಾನೇ ನುಂಗುತ್ತಿದ್ದೆ, ಅದೂ ಬಹುವಚನ ಕೊಟ್ಟುಕೊಂಡು. ಬಹುವಚನಕ್ಕೆ ಖರ್ಚಿಲ್ಲವಲ್ಲ.

2008ರ ವಸಂತದಲ್ಲಿ ಆರನೇ ಪೇ ಕಮಿಷನ್ ವರದಿ ಬಂತು. ಮೇಲಿನವರಿಗೆ ಮೃಷ್ಟಾನ್ನ, ನಮ್ಮಂಥವರಿಗೆ ಮಜ್ಜಿಗೆ ಎಂದು ನಮ್ಮ ಕಚೇರಿಯ ಕೆಳಗಿನ ನೌಕರರೆಲ್ಲ ಕುದಿಯುತ್ತಿದ್ದರು. ಕಪ್ಪು ಪಟ್ಟಿ ಕಟ್ಟಿಕೊಂಡು 'ವರ್ಕ್ ಟು ರೂಲ್' ಶುರು ಮಾಡಿದೆವು. ಒಂದು ಸಂಜೆ ನಾನು ಬಂದವಳೇ ಬ್ಯಾಗು ಎಸೆದು ಸರ್ಕಾರವನ್ನು ಬೈದೆ. ದೇವಕಮ್ಮ ಬಟ್ಟೆ ಮಡಿಸುತ್ತಿದ್ದರು.

"ವರ್ಕ್ ಟು ರೂಲ್ ಅಂದ್ರೇನಕ್ಕ?" ಎಂದು ಕೇಳಿದರು.

"ಏನು ಮಾಡಬೇಕು ಅಂತ ಬರೆದಿದ್ಯೋ ಅಷ್ಟು ಮಾತ್ರ ಮಾಡೋದು. ಅದರ ಮೇಲೆ ಒಂದು ಕಡ್ಡಿನೂ ಎತ್ತಲ್ಲ. ಪುಕ್ಕಟೆ ಯಾಕೆ ದುಡೀಬೇಕು ನಾವು?"

ಅವರು ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟರು. "ಅಕ್ಕ, ನನಗೂ ಒಂದೈನೂರು ಜಾಸ್ತಿ ಮಾಡ್ಬೇಕು. ಹರಿಣಿ ಹತ್ತನೇ ಕ್ಲಾಸಿಗೆ ಬಂದ್ಲು. ಟ್ಯೂಷನ್ ಇಲ್ದೆ ಆಗಲ್ಲ ಅಂತಾಳೆ."

ನನಗೆ ಸುಸ್ತಾಗಿತ್ತು. ತಲೆಗೆ ಎಳೆದರೆ ಕಾಲಿಗಿಲ್ಲದ ಸಂಬಳ ನಮ್ಮದು. ಆದರೆ ಅದನ್ನೇ ಹೇಳಬಹುದಿತ್ತು, ಹೇಳಲಿಲ್ಲ. "ನೀವು ನಮ್ಮ ಮನೆಯವರ ಹಾಗೆ ದೇವಕಮ್ಮ. ನಮ್ಮನಮ್ಮಲ್ಲಿ ಇದೆಲ್ಲ ಯಾಕೆ? ಎದುರು ಮನೆ ಆಯಾಗೂ ಇವತ್ತಿಗೂ ಅಷ್ಟೇ ಕೊಡ್ತಿರೋದು. ಬ್ಲಾಕಿನ ರೇಟೇ ಅದು" ಎಂದೆ.

"ಅಚ್ಛಾ" ಎಂದರು. ನಂಜನಗೂಡಿನ ಹೆಂಗಸು, ನಮ್ಮ ಮನೆಯಲ್ಲಿ ಹಿಂದಿಯ ಒಂದು ಪದವನ್ನೂ ಆಡದಿದ್ದವರು, ಅಚ್ಛಾ ಎಂದು ಹೊರಟರು. ನನಗೆ ಆಗಲೇ ತಿಳಿಯಬೇಕಿತ್ತು.

ಮರುದಿನ ಅಕ್ಕಿ ನೆನೆದಿರಲಿಲ್ಲ. ಬಟ್ಟೆ ಹಗ್ಗದ ಮೇಲೇ ಇತ್ತು. ನಾನು ಏಳಕ್ಕೆ ಬಂದಾಗ ದೇವಕಮ್ಮ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಗುವನ್ನು ಬಿಟ್ಟು ಹೋಗುವವರಲ್ಲ. ಆದರೆ ಆರು ಗಂಟೆಗೇ ಚಪ್ಪಲಿ ಹಾಕಿಕೊಂಡಿದ್ದರು ಎಂದು ಚಿನ್ಮಯಿ ಹೇಳಿದಳು. ಇದನ್ನೆಲ್ಲ ನಾನು ಸಹಿಸುತ್ತಿದ್ದೆ. ಆ ಶನಿವಾರ ರಜೆಯಲ್ಲಿ ಮನೆಯಲ್ಲಿದ್ದಾಗ ಅಡುಗೆಮನೆಯಿಂದ ಇನ್ನೊಂದು ಕೇಳಿಸಿತು.

"ಚಲೋ ಬೇಟಾ, ಖಾನಾ ಖಾ ಲೋ. ಮುಂಹ್ ಖೋಲೋ."

ಊಟ ಮಾಡು, ಬಾಯಿ ತೆಗೆ ಅನ್ನುವುದನ್ನು ದೇವಕಮ್ಮ ಹಿಂದಿಯಲ್ಲಿ ಹೇಳುತ್ತಿದ್ದರು. ನಾನು ಎದ್ದು ಹೋದೆ. "ಏನಿದು ದೇವಕಮ್ಮ? ಮಗು ಹತ್ರ ಹಿಂದಿ ಯಾಕೆ?"

ಅವರು ತುತ್ತು ಇಡುವುದನ್ನು ನಿಲ್ಲಿಸಲಿಲ್ಲ. "ಎದುರು ಮನೆ ಆಯಾ ಹಿಂದಿಲೇ ತಾನೆ ನೋಡ್ಕೊಳ್ಳೋದು ಅಕ್ಕ? ರೇಟು ಅದೇ ಅಂದ್ರಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ರಾತ್ರಿ ಯೋಗೀಶನಿಗೆ ಹೇಳಿದರೆ ಅವನು ನಕ್ಕ. "ಒಳ್ಳೇ ಯೂನಿಯನ್ ಲೀಡರು. ನಿಮ್ಮ ಕಚೇರಿಗೆ ಕರ್ಕೊಂಡು ಹೋಗು." ಬೇರೆಯವರನ್ನು ಹುಡುಕೋಣ ಎಂದೆ. ಹುಡುಕುವ ಶಕ್ತಿ ನನ್ನಲ್ಲಿರಲಿಲ್ಲ. ಐನೂರು ಕೊಟ್ಟುಬಿಡೋಣ ಎಂದು ಅವನೆಂದ. ಸೋತಂತಾಗುತ್ತದೆ ಎಂದು ನಾನು ಕೊಡಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹಗಲು ಕಪ್ಪು ಪಟ್ಟಿ ಕಟ್ಟಿಕೊಂಡು ನ್ಯಾಯ ಕೇಳುತ್ತಿದ್ದವಳು, ಸಂಜೆ ಮನೆಗೆ ಬಂದು ಸರ್ಕಾರವಾಗುತ್ತಿದ್ದೆ.

ಕನ್ನಡ ನಾನೇ ಕಲಿಸುತ್ತೇನೆ ಎಂದುಕೊಂಡೆ. ಆಗ ನನ್ನ ಬಾಯಿ ನನಗೇ ಕೇಳಿಸತೊಡಗಿತು. ಬೆಳಗ್ಗೆ ಬೇಗ ಹೊರಡಿಸಲು, "ಚಿನ್ನು, ಜಲ್ದಿ ಕರೋ, ಬಸ್ ಛೂಟ್ ಜಾಯೇಗಿ." ಸಂಜೆ ಮಲಗಿಸಲು, "ಸೋ ಜಾ ಬೇಟಾ, ಮಮ್ಮಿ ಟಯರ್ಡ್." ಯಾವಾಗ ಹೀಗಾಯಿತೋ ತಿಳಿಯದು. ಮಗುವಿಗೆ ಇದ್ದ ಕನ್ನಡವೆಲ್ಲ ದೇವಕಮ್ಮನದು. ಬೆಕ್ಕಿಗೆ ಬಯ್ಯುವುದು, ಚಂದ್ರನನ್ನು ಕರೆಯುವುದು, ಅಜ್ಜಿಗೆ ಫೋನಿನಲ್ಲಿ "ಊಟ ಆಯ್ತಾ, ಏನ್ ಸಾರು?" ಎಂದು ಕೇಳುವುದು, ಎಲ್ಲ. ದುಡಿದು ಬಂದ ದೇಹಕ್ಕೆ ಎರಡನೇ ಭಾಷೆ ಬೇಡವಾಗಿತ್ತು, ಅದು ನನ್ನ ತಾಯಿಯ ಭಾಷೆಯೇ ಆಗಿದ್ದರೂ.

ಮಳೆಗಾಲದ ಒಂದು ಭಾನುವಾರ, ಅರಸೀಕೆರೆಯಲ್ಲಿ ಅಣ್ಣನ ಮನೆಯಲ್ಲಿದ್ದ ನನ್ನ ಅಮ್ಮ ಸೀತಮ್ಮ ಫೋನು ಮಾಡಿದಳು. ಚಿನ್ಮಯಿ ರಿಸೀವರ್ ಹಿಡಿದು, "ನಾನಿ, ಮೈ ಖೇಲ್ ರಹೀ ಹೂಂ, ಬಾದ್ ಮೇ", ಆಡ್ತಿದ್ದೀನಿ, ಆಮೇಲೆ, ಎಂದು ಅಜ್ಜಿಗೆ ಹಿಂದಿಯಲ್ಲೇ ಹೇಳಿ ಓಡಿದಳು. ನಾನು ಎತ್ತಿಕೊಂಡೆ. ಅಮ್ಮ, "ಧಾರಿಣಿ, ಯಾರ ಮಗುನೇ ಅದು ಮಾತಾಡಿದ್ದು?" ಎಂದಳು. ಪಕ್ಕದ ಮನೆಯದು ಎಂದು ಸುಳ್ಳು ಹೇಳಿ ಫೋನಿಟ್ಟೆ.

ಸೆಪ್ಟೆಂಬರಿನಲ್ಲಿ ಹೊಸ ಸಂಬಳ ಬಂತು. ಎರಡೂವರೆ ವರ್ಷದ ಅರಿಯರ್ಸಿನ ಮೊದಲ ಕಂತೂ ಬಂತು. ಆ ದಿನ ರಜೆ ಹಾಕಿ, ಮಗು ಮಲಗಿದ ಮೇಲೆ ದೇವಕಮ್ಮನನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿದೆ. ಎರಡು ವರ್ಷದಲ್ಲಿ ಅವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕಾಗದ ಪೆನ್ನು ತೆಗೆದು, "ನೀವು ಹೇಳಿ, ನಾನು ಬರೀತೀನಿ" ಎಂದೆ.

"ಅಕ್ಕಿ ನೆನೆಸೋದು ಇರ್ಲಿ, ಅದೇನು ಭಾರ ಅಲ್ಲ. ಬಟ್ಟೆ ಬೇಡ, ಬೆನ್ನು ನೋಯುತ್ತೆ. ಆರು ಅಂದ್ರೆ ಆರು. ಲೇಟಾದ್ರೆ ಅದಕ್ಕೆ ಬೇರೆ ಕೊಡಿ. ತಿಂಗಳಿಗೆ ಎರಡು ರಜ." ಸಂಬಳ ಎರಡೂವರೆ ಸಾವಿರ ಎಂದು ನಾನೇ ಬರೆದೆ. ಅವರು ಚೌಕಾಸಿ ಮಾಡಲಿಲ್ಲ.

ಕೊನೆಗೆ "ಕನ್ನಡ" ಎಂದು ಬರೆಯಲು ಹೋದೆ.

"ಅದನ್ನ ಬರೀಬೇಡಿ ಅಕ್ಕ," ಎಂದರು. "ಬರೆದ್ರೆ ಅದೂ ಕೆಲ್ಸ ಆಗೋಗುತ್ತೆ. ನಮ್ಮನೆಯವರು ಬರೋ ಹೊತ್ತಿಗೆ ನನಗೆ ನಿದ್ದೆ. ಹರಿಣಿ ಕೇಳಿದ್ದಕ್ಕೆಲ್ಲ ಹಿಂದಿಲೇ ಉತ್ತರ ಕೊಡ್ತಾಳೆ. ಈ ಕೂಸಿನ ಹತ್ರ ಬಿಟ್ರೆ ನಾನು ಯಾರ ಹತ್ರ ಮಾತಾಡ್ತಿದ್ದೆ? ಐದು ತಿಂಗಳು ಬಾಯಿ ಕಟ್ಟಿದ ಹಾಗಿತ್ತು."

ಇಷ್ಟು ದಿನ ಅವರು ನನ್ನನ್ನು ಸೋಲಿಸುತ್ತಿದ್ದಾರೆ ಎಂದುಕೊಂಡಿದ್ದೆ. ನನಗೆ ಬಹಳ ಬೇಸರವಾಯಿತು. ಹೊಸ ಸಂಬಳ ಈ ತಿಂಗಳಿಂದಲೇ ಎಂದೆ.

"ನಿಮಗೆ ಅದೇನೋ ಹಿಂದಿನ ಬಾಕಿನೂ ಬಂತಂತೆ. ಯಾವಾಗಿಂದ?"

"2006 ಜನವರಿಯಿಂದ."

"ನಾನು ಬಂದಿದ್ದು ಜುಲೈ," ಎಂದರು.

"ಅದು ಸರ್ಕಾರದ್ದು ದೇವಕಮ್ಮ," ಎಂದೆ. ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಿದೆ. ಅವರು ಮತ್ತೆ ಕೇಳಲಿಲ್ಲ.

ಒಳಗೆ ಚಿನ್ಮಯಿ ಎದ್ದು ಅಳುವ ಸದ್ದಾಯಿತು. ದೇವಕಮ್ಮ ನನಗಿಂತ ಮೊದಲು ಹೋಗಿ ಹಾಸಿಗೆಯ ಪಕ್ಕ ಕೂತರು. ತಲೆಗೂದಲು ನೇವರಿಸುತ್ತಾ, "ಯಾಕ್ ಕೂಸೆ, ಯಾರು ಬೈದೋರು ನಿನ್ನ? ಬಾ, ಗುಬ್ಬಿ ನೋಡಾನ, ಪಾರ್ಕಿಗೆ ಹೋಗಾನ" ಎಂದರು. ಐದು ತಿಂಗಳದೆಲ್ಲ ಒಂದೇ ಸಲ ಬಂದ ಹಾಗೆ ಮಾತಾಡಿದರು. ಮಗು ಅಳು ನಿಲ್ಲಿಸಿ ಅವರ ಮುಖವನ್ನೇ ನೋಡಿತು. ಆಮೇಲೆ ಹುಬ್ಬು ಗಂಟಿಕ್ಕಿ, "ಆಂಟಿ, ಠೀಕ್ ಸೇ ಬೋಲೋ ನಾ," ಎಂದಿತು.

ಸರಿಯಾಗಿ ಮಾತಾಡು ಎಂದು. ದೇವಕಮ್ಮನ ಕೈ ಅವಳ ತಲೆಯ ಮೇಲೇ ನಿಂತಿತು. ನಾನು ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದೆ.

"ಕಲಿತಾಳೆ ಬಿಡಿ ಅಕ್ಕ," ಎಂದರು, ನನ್ನ ಕಡೆ ತಿರುಗದೆ. "ಸ್ವಲ್ಪ ಟೈಮು ಹಿಡಿಯುತ್ತೆ."

ಆಮೇಲೆ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಬಂದು, ಕೈಕಾಲು ತೊಳೆಸಿ, ಅಕ್ಕಿ ನೆನೆಸಿಟ್ಟರು. ಆರು ಗಂಟೆಗೆ ಚಪ್ಪಲಿ ಹಾಕಿಕೊಂಡು ಹೊರಟರು.