ಎರಡನೇ ಪಾಳಿಯ ಡಾಕ್ಯುಮೆಂಟರಿಯವನು

ಡಾಕ್ಯುಮೆಂಟರಿ ತೆಗೆಯುವವರು ಉದ್ದ ಕೂದಲು ಬಿಡುತ್ತಾರಂತೆ. ಹೂಟಗಳ್ಳಿ ಕಾರ್ಖಾನೆಯ ಅಶೋಕನಿಗೆ ಇರುವ ಕೂದಲೇ ಉದುರುತ್ತಿದೆ. ಎರಡನೇ ಪಾಳಿಯ ವಾರಗಳಲ್ಲಿ ಮಾತ್ರ ಅವನು ಬೆಳಗಿನ ಹೊತ್ತು ನಿರ್ದೇಶಕ. ಕ್ಯಾಮೆರಾ ಹಿಡಿಯುವವನೂ ಕಾಫಿ ತರುವವನೂ ಅವನೇ ಆದ್ದರಿಂದ ಇಡೀ ತಂಡ ತನ್ನ ಮಾತು ಕೇಳುತ್ತದೆಂಬ ಜಂಬ ಬೇರೆ. ಯಾವ ಸರ್ಕಾರಿ ಕಚೇರಿಗೆ ಹೋದರೂ ಅವನದು ಒಂದೇ ಪ್ರಶ್ನೆ: “ಸಾರ್, ನಿಮ್ಮಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತ್ಕೊಂಡು ಊಟ ಮಾಡ್ತಾರೆ?” ಸಾಹೇಬರು ಕುರ್ಚಿಗೆ ಒರಗಿ, “ನಮ್ಮಲ್ಲಿ ಜಾತಿಗೀತಿ ಏನಿಲ್ಲ ಕಣ್ರೀ” ಎನ್ನುತ್ತಾರೆ. ಅಶೋಕ ವಾದಕ್ಕಿಳಿಯದೆ ಕ್ಯಾಮೆರಾವನ್ನು ಮೆಲ್ಲಗೆ ಕಿಟಕಿಯತ್ತ ತಿರುಗಿಸುತ್ತಾನೆ. ಹೊರಗೆ, ಶೌಚಾಲಯದ ಪಕ್ಕದ ಮೆಟ್ಟಿಲ ಮೇಲೆ, ಕಸ ಗುಡಿಸುವ ಹೆಂಗಸರು ಬುತ್ತಿ ಬಿಚ್ಚಿರುತ್ತಾರೆ. ಎಲ್ಲರೂ ಒಂದೇ ಕೇರಿಯವರು. ಹೀಗೆ ಒಂಬತ್ತು ಕಚೇರಿ, ಒಂಬತ್ತು ಸಾಹೇಬರು, ಅದೇ ಉತ್ತರ, ಅದೇ ಮೆಟ್ಟಿಲು. ನಾಳೆ ಆ ಸಾಹೇಬರನ್ನೆಲ್ಲ ಕರೆದು ಚಾಮರಾಜಪುರಂನಲ್ಲಿ ಪ್ರದರ್ಶನ. ಇಂದು ಮಾತ್ರ ನಿರ್ದೇಶಕರು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೊನೆಯ ದೃಶ್ಯವನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದಾರೆ. ಒಂಬತ್ತನೆಯ ಕಚೇರಿಯ ಮೆಟ್ಟಿಲ ಮೇಲೆ ಕೂತವಳು ಅವನ ಅವ್ವ ಚಿಕ್ಕತಾಯಮ್ಮ. ಅವಳದು ಗುತ್ತಿಗೆ ಕೆಲಸ, ಸಾಹೇಬರು ಮುನಿದರೆ ನಾಡಿದ್ದೇ ಹೋದೀತು. “ನಿನ್ ಮುಖ ಕಾಣ್ದಂಗೆ ಮಾಡ್ಬುಡ್ತೀನಿ ಕಣವ್ವ” ಎಂದ. ಅವ್ವ ಎಲೆಯಡಿಕೆಯನ್ನು ದವಡೆಗೆ ಸರಿಸಿ, “ಬ್ಯಾಡ ಕಣ್ಲಾ. ಇಪ್ಪತ್ತಾರು ವರ್ಸ ಅವ್ರ ಕಾಲ ಮುಂದೇನೇ ಗುಡಿಸಿವ್ನಿ, ಒಂದಿನಾನೂ ನಾನು ತಲೆ ಎತ್ತಿ ನೋಡಿಲ್ಲ. ನಾಳೆ ಅಷ್ಟು ದೊಡ್ಡ ಪರದೆ ಮ್ಯಾಲೆ ಬತ್ತೀನಿ, ಅವ್ರೇ ತಲೆ ಎತ್ತಿ ನೋಡ್ಲಿ ಬುಡು” ಎಂದಳು. ಅಶೋಕ ಆ ಮುಖವನ್ನು ಪರದೆ ತುಂಬುವಷ್ಟು ಹತ್ತಿರಕ್ಕೆ ತಂದ.