ನನ್ನ ಮೊದಲ ಡಿಟೆಕ್ಟರ್ ಮತ್ತು ಹೊರಮಾವಿನ ಯಜಮಾನಿ

ಮೊಳೆ ಯಾವುದು, ನಾಣ್ಯ ಯಾವುದು ಅಂತ ಬೇರೆಬೇರೆ ಸದ್ದು ಮಾಡಿ ಹೇಳೋ ಮೆಟಲ್ ಡಿಟೆಕ್ಟರ್ ತಗೊಳ್ಳಿ ಅಂತ ಶಿವಾಜಿನಗರದ ಅಂಗಡಿಯವರು ಬಡ್ಕೊಂಡ್ರು. ನಾನು ಅಗ್ಗದ್ದೇ ತಂದೆ. ಹಳೇ ನಾಣ್ಯದ ಆಸೆಗೆ ಹೊರಮಾವಿನಲ್ಲಿ ಗೆಳೆಯನ ಖಾಲಿ ಸೈಟಿಗೆ ಹೋದರೆ, ಅದು ಹೆಜ್ಜೆಹೆಜ್ಜೆಗೂ ಕೂಗಿಕೊಳ್ತು. ಕೂಗಿದಲ್ಲೆಲ್ಲ ಬಗ್ಗಿ ಅಗೆದೆ. ಸಿಕ್ಕಿದ್ದು ಮೊಳೆ, ತಂತಿ, ಬಿಯರ್ ಮುಚ್ಚಳ. ಸೊಂಟ ಬಿದ್ದೇ ಹೋಯ್ತು.

ಸದ್ದು ಕೇಳಿ ಪಕ್ಕದ ಜಾಗದ ಯಜಮಾನಿ ಓಡಿಬಂದರು. "ಮೆಟ್ರೋಗಾ, ರೋಡಿಗಾ? ನಮ್ದು ಎಷ್ಟು ಅಡಿ ಹೋಗತ್ತೆ, ಹೇಳ್ಬಿಡಿ."

"ಸರ್ವೆ ಅಲ್ಲಮ್ಮಾ, ಇದು ನನ್ನ ಹವ್ಯಾಸ."

"ಹೋದ್ಸಲ ಅಳತೆಗೆ ಬಂದೋನೂ ಸುಮ್ನೆ ನೋಡ್ತಿದೀನಿ ಅಂದ. ನಮ್ ದ್ರಾಕ್ಷಿ ತೋಟ ಅರ್ಧ ರೋಡಾಯ್ತು."

ಮುಚ್ಚಳ ತೋರಿಸಿದೆ, ನಂಬಲಿಲ್ಲ. ಆ ಬಿಸಿಲಲ್ಲಿ ವಾದ ಮಾಡೋ ಶಕ್ತಿ ನನಗೆ ಉಳಿದಿರಲಿಲ್ಲ. "ನಿಧಿ ಹುಡುಕ್ತಿದೀನಮ್ಮಾ" ಅಂದುಬಿಟ್ಟೆ.

ಅವರ ಮುಖ ಅರಳಿತು. "ಅಯ್ಯೋ, ನಿಧಿ ಕಳ್ಳರಾ? ಅಷ್ಟೇನಾ! ಕೂತ್ಕೊಳ್ಳಿ, ಕಾಫಿ ತರ್ತೀನಿ."

ಮೊದಲನೇ ಡಿಟೆಕ್ಟರ್ ಯಾವುದು ತಗೊಳ್ಳಲಿ ಅಂತ ಈಗ ಯಾರಾದರೂ ಕೇಳಿದರೆ, ಹೆಡ್‌ಫೋನ್ ಇರೋದು ತಗೊಳ್ಳಿ ಅಂತೀನಿ. ಅಕ್ಕಪಕ್ಕದವರಿಗೆ ಸದ್ದು ಕೇಳಲ್ಲ. ಕಾಫಿ ಮಾತ್ರ ಸಿಗಲ್ಲ.